ನವಜಾತ ಶಿಶುವಿನ ಬಿಕ್ಕಳಿಕೆ: ಶುಶ್ರೂಷೆ ಕಲಿಯುವವರಿಗಾಗಿ ಒಂದು ಅಧ್ಯಯನ ಟಿಪ್ಪಣಿ

ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿಯೂ ಮನೆಯ ಹಿರಿಯರೂ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳಲ್ಲಿ ಮಗುವಿನ ಬಿಕ್ಕಳಿಕೆಯೂ ಒಂದು. ಪ್ರಸೂತಿ ಮತ್ತು ಶಿಶು ಶುಶ್ರೂಷೆಯನ್ನು ಕಲಿಯುತ್ತಿರುವ ನಾವು ಇದಕ್ಕೆ ಕೊಡುವ ಉತ್ತರ ಸ್ಪಷ್ಟವಾಗಿರಬೇಕು. ಆರೋಗ್ಯವಾಗಿರುವ ಮಗುವಿಗೆ ಬಿಕ್ಕಳಿಕೆಯಿಂದ ಹಾನಿಯಿಲ್ಲ, ಆದರೆ ಅದನ್ನು ನಿಲ್ಲಿಸಲೆಂದು ದೊಡ್ಡವರು ಬಾಯಿಗೆ ಹಾಕುವ ಕೆಲವು ಪದಾರ್ಥಗಳಿಂದ ನಿಜವಾದ ಅಪಾಯವಿದೆ. ಈ ಟಿಪ್ಪಣಿಯ ಹೆಚ್ಚಿನ ಭಾಗವನ್ನು ಆ ಕಾರಣಕ್ಕಾಗಿಯೇ ಹಾಲೂಡಿಸುವ ಕ್ರಮಕ್ಕೆ ಮತ್ತು ಮಾಡಬಾರದ ಉಪಚಾರಗಳಿಗೆ ಮೀಸಲಿಟ್ಟಿದ್ದೇನೆ.

ಎದೆ ಮತ್ತು ಹೊಟ್ಟೆಯ ನಡುವೆ ಇರುವ ವಪೆ ಎಂಬ ಸ್ನಾಯು ಪದರವು ಇದ್ದಕ್ಕಿದ್ದಂತೆ ಸಂಕುಚಿಸಿದಾಗ ಗಾಳಿ ರಭಸದಿಂದ ಒಳಕ್ಕೆ ನುಗ್ಗುತ್ತದೆ. ಸೆಕೆಂಡಿನ ಅತ್ಯಲ್ಪ ಭಾಗದಲ್ಲೇ ಧ್ವನಿಪೆಟ್ಟಿಗೆಯ ದ್ವಾರ ಮುಚ್ಚಿಕೊಂಡು ಆ ಗಾಳಿಯನ್ನು ತಡೆಯುವುದರಿಂದ ನಮಗೆ ಪರಿಚಿತವಾದ ಸದ್ದು ಹುಟ್ಟುತ್ತದೆ. ವಪೆಯನ್ನು ನಡೆಸುವುದು ಕುತ್ತಿಗೆಯ ಮೂರು, ನಾಲ್ಕು ಮತ್ತು ಐದನೆಯ ನರಮೂಲಗಳಿಂದ ಹೊರಡುವ ಫ್ರೆನಿಕ್ ನರ. ಜಠರ ಮತ್ತು ಅನ್ನನಾಳದಿಂದ ಸುದ್ದಿಯನ್ನು ಮಿದುಳುಕಾಂಡಕ್ಕೆ ಒಯ್ಯುವುದು ವೇಗಸ್ ನರ. ಜಠರ ಉಬ್ಬಿದಾಗ ಅಥವಾ ಹಾಲು ಅನ್ನನಾಳಕ್ಕೆ ಮರಳಿದಾಗ ಈ ನರಮಾರ್ಗ ಪ್ರಚೋದನೆಗೊಳ್ಳುತ್ತದೆ. ಹಾಲು ಕುಡಿದ ಬೆನ್ನಲ್ಲೇ ಮಗು ಬಿಕ್ಕಳಿಸುವುದು ಏಕೆಂದು ತಾಯಿಗೆ ವಿವರಿಸಲು ಇಷ್ಟು ತಿಳಿದಿದ್ದರೆ ಸಾಕು.

ಬಿಕ್ಕಳಿಕೆ ಹುಟ್ಟಿದ ಮೇಲೆ ಆರಂಭವಾಗುವುದಲ್ಲ. ಗರ್ಭದ ಸುಮಾರು ಒಂಬತ್ತನೆಯ ವಾರದಿಂದಲೇ ಅದು ಕಾಣಿಸಿಕೊಳ್ಳುತ್ತದೆ, ಮತ್ತು ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯೊಳಗೆ ಒಂದೇ ಲಯದಲ್ಲಿ ಆಗುವ ಸಣ್ಣ ಮಿಡಿತವನ್ನು ಅನೇಕ ಗರ್ಭಿಣಿಯರು ತಾವೇ ಗುರುತಿಸುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಂತೂ ದಿನದ ಸುಮಾರು ಶೇಕಡಾ 1ರಷ್ಟು ಸಮಯವನ್ನು, ಎಂದರೆ ಹದಿನೈದು ನಿಮಿಷದಷ್ಟನ್ನು, ಬಿಕ್ಕಳಿಕೆಯಲ್ಲೇ ಕಳೆಯುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ನವಜಾತ ಶಿಶುಗಳು ಬಿಕ್ಕಳಿಸುವಾಗ ಅವುಗಳ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದ್ದರು. ಪ್ರತಿ ಬಾರಿ ವಪೆ ಸಂಕುಚಿಸಿದಾಗಲೂ ಮಿದುಳಿನಲ್ಲಿ ಎರಡು ದೊಡ್ಡ ಅಲೆಗಳೂ ಅವುಗಳ ಹಿಂದೆ ಮೂರನೆಯದೊಂದೂ ಕಂಡುಬಂದವು. ಉಸಿರಾಟದ ಸ್ನಾಯುಗಳನ್ನು ಗ್ರಹಿಸಿ ನಿಯಂತ್ರಿಸುವುದನ್ನು ಮಿದುಳು ಈ ಮೂಲಕ ಕಲಿಯುತ್ತಿರಬಹುದು ಎಂಬುದು ಅವರ ಅಭಿಪ್ರಾಯ. ಇನ್ನೊಂದು ಊಹೆಯನ್ನು ಕೆನಡಾದ ವೈದ್ಯ ಡೇನಿಯಲ್ ಹೌಸ್ 2012ರಲ್ಲಿ ಮಂಡಿಸಿದರು. ಹಾಲುಣ್ಣುವ ಮರಿಗಳ ಜಠರದಿಂದ ಗಾಳಿಯನ್ನು ಹೊರಹಾಕಿ ಹಾಲಿಗೆ ಜಾಗ ಮಾಡಿಕೊಡಲು ಈ ಪ್ರತಿಕ್ರಿಯೆ ಬೆಳೆದುಬಂದಿರಬಹುದು ಎಂಬುದು ಅದರ ಸಾರ. ಎರಡೂ ಊಹೆಗಳೇ ಆದರೂ, ಬಿಕ್ಕಳಿಕೆಯನ್ನು ರೋಗವೆಂದು ನೋಡಬೇಕಿಲ್ಲ ಎಂಬ ನಮ್ಮ ನಿಲುವಿಗೆ ಅವು ಹೊಂದಿಕೊಳ್ಳುತ್ತವೆ.

ಹಾಗಿದ್ದರೆ ಮಾಡಬೇಕಾದದ್ದೇನು? ಮಗು ನೆಮ್ಮದಿಯಾಗಿದ್ದರೆ ಏನನ್ನೂ ಮಾಡಬೇಕಾಗಿಲ್ಲ, ಕೆಲವು ನಿಮಿಷಗಳಲ್ಲಿ ಬಿಕ್ಕಳಿಕೆ ತಾನಾಗಿಯೇ ನಿಲ್ಲುತ್ತದೆ. ನಿದ್ದೆಯಲ್ಲಿ ಬಿಕ್ಕಳಿಸುವ ಮಗುವನ್ನು ಎಬ್ಬಿಸುವುದೂ ಬೇಡ. ಹಾಲೂಡಿಸುವ ನಡುವೆ ಬಿಕ್ಕಳಿಕೆ ಶುರುವಾದರೆ ಹಾಲು ಕೊಡುವುದನ್ನು ನಿಲ್ಲಿಸಿ ಮಗುವನ್ನು ನೆಟ್ಟಗೆ ಎತ್ತಿಕೊಂಡು ತೇಗಿಸಬೇಕು. ಗದ್ದ ತಾಯಿಯ ಹೆಗಲಿಗೆ ಬರುವಂತೆ ಎತ್ತಿಕೊಳ್ಳಬಹುದು, ಇಲ್ಲವೇ ತೊಡೆಯ ಮೇಲೆ ಕೂರಿಸಿ ಒಂದು ಅಂಗೈಯಿಂದ ಎದೆಯನ್ನೂ ದವಡೆಯನ್ನೂ ಆಧರಿಸಿ, ಇನ್ನೊಂದರಿಂದ ಬೆನ್ನನ್ನು ಮೆಲ್ಲಗೆ ತಟ್ಟಬಹುದು. ಎರಡನೆಯ ಭಂಗಿಯಲ್ಲಿ ಬೆರಳುಗಳು ಗಂಟಲನ್ನು ಒತ್ತದಂತೆ ನೋಡಿಕೊಳ್ಳುವುದು ಮುಖ್ಯ. ಕೆಲವು ನಿಮಿಷ ತಟ್ಟಿದರೂ ತೇಗು ಬಾರದಿದ್ದರೆ ಒತ್ತಾಯಿಸಬೇಕಾಗಿಲ್ಲ. ಮಗು ಇನ್ನೂ ಹಸಿವಿನಿಂದ ಬಾಯಿ ತೆರೆದು ಎದೆ ಹುಡುಕುತ್ತಿದ್ದರೆ ಮತ್ತೆ ಎದೆಗೆ ಹಚ್ಚಿಕೊಳ್ಳಬಹುದು, ಲಯಬದ್ಧವಾಗಿ ಚೀಪುತ್ತಿರುವಾಗಲೇ ಎಷ್ಟೋ ಸಲ ಬಿಕ್ಕಳಿಕೆ ನಿಂತುಹೋಗುತ್ತದೆ.

ಪದೇ ಪದೇ ಬಿಕ್ಕಳಿಸುವ ಮಗುವಿನಲ್ಲಿ ನಾವು ಗಮನಿಸಬೇಕಾದದ್ದು ಹಾಲು ಕುಡಿಯುವ ರೀತಿಯನ್ನು. ಮಗುವಿನ ಬಾಯಿಯೊಳಗೆ ಮೊಲೆತೊಟ್ಟು ಮಾತ್ರವಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಸಾಕಷ್ಟು ಹೋಗಿರಬೇಕು, ಬಾಯಿ ಅಗಲವಾಗಿ ತೆರೆದು ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ಹಿಡಿತ ಸರಿಯಿಲ್ಲದಿದ್ದರೆ ಚಪ್ಪರಿಸುವ ಸದ್ದು ಕೇಳಿಸುತ್ತದೆ, ಹಾಲಿನೊಂದಿಗೆ ಗಾಳಿಯೂ ಒಳಗೆ ಹೋಗುತ್ತದೆ. ಮಗು ಅತ್ತು ಕಂಗೆಡುವವರೆಗೆ ಕಾದು ಹಾಲು ಕೊಟ್ಟರೂ ಇದೇ ಆಗುತ್ತದೆ, ಏಕೆಂದರೆ ಅಳುವಾಗ ನುಂಗಿದ ಗಾಳಿಗೆ ಅವಸರದಲ್ಲಿ ಗುಟುಕರಿಸಿದ ಹಾಲೂ ಸೇರುತ್ತದೆ. ತುಟಿ ಚಪ್ಪರಿಸುವುದು, ಕೈಯನ್ನು ಬಾಯಿಗೆ ಒಯ್ಯುವುದು, ತಲೆ ಹೊರಳಿಸಿ ಹುಡುಕುವುದು ಹಸಿವಿನ ಮೊದಲ ಸೂಚನೆಗಳೆಂದು ತಾಯಿಗೆ ತೋರಿಸಿಕೊಡುವುದೇ ಬಿಕ್ಕಳಿಕೆಗೆ ನಾವು ನೀಡಬಹುದಾದ ಒಳ್ಳೆಯ ಉಪಚಾರವೆಂದು ನನಗೆ ಅನ್ನಿಸುತ್ತದೆ. ಕುಡಿದ ನಂತರ ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿದ್ದರೆ ಹಾಲು ಕಕ್ಕುವುದೂ ಕಡಿಮೆಯಾಗಬಹುದು, ಆದರೆ ಆ ಬಳಿಕ ಮಲಗಿಸುವಾಗ ಅಂಗಾತ ಮಲಗಿಸಬೇಕೇ ಹೊರತು ಬೋರಲಾಗಿ ಅಲ್ಲ.

ಎದೆ ಚೀಪಲು ಶಕ್ತಿ ಸಾಲದ ಮಗುವಿಗೆ ಹಿಂಡಿದ ತಾಯಿಹಾಲನ್ನು ಒಳಲೆ ಎಂಬ ಕೊಕ್ಕಿರುವ ಪುಟ್ಟ ಬಟ್ಟಲಿನಲ್ಲಿ ಕೊಡುವಾಗ ಇನ್ನಷ್ಟು ಎಚ್ಚರ ಬೇಕು. ಎದೆಯಲ್ಲಿ ಕುಡಿಯುವ ಮಗು ಬೇಕಾದಾಗ ನಿಲ್ಲಿಸಬಲ್ಲದು, ಒಳಲೆಯಲ್ಲಿ ಹಾಲಿನ ವೇಗವನ್ನು ನಿರ್ಧರಿಸುವುದು ಸುರಿಯುವವರ ಕೈ. ಆದ್ದರಿಂದ ಬಿಕ್ಕಳಿಕೆ ನಡೆಯುತ್ತಿರುವಷ್ಟು ಹೊತ್ತು ಒಳಲೆಯನ್ನು ಪಕ್ಕಕ್ಕಿಟ್ಟು, ನಿಂತ ಮೇಲೆ ಮಗುವನ್ನು ಸ್ವಲ್ಪ ಎತ್ತರಿಸಿ ಹಿಡಿದು, ಸ್ವಲ್ಪ ಸ್ವಲ್ಪವೇ ಕೊಟ್ಟು, ನುಂಗಿದ್ದನ್ನು ಖಚಿತಪಡಿಸಿಕೊಂಡು ಮುಂದುವರಿಯಬೇಕು.

ಇನ್ನು ನಮ್ಮ ಮನೆಗಳಲ್ಲಿ ನಡೆದುಬಂದಿರುವ ಉಪಚಾರಗಳ ವಿಷಯ. ಬಿಕ್ಕಳಿಕೆ ಬಂದರೆ ಮಗು ಬೆಳೆಯುತ್ತಿದೆ ಅಥವಾ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಅಜ್ಜಿಯರು ಹೇಳಿದರೆ ಅದನ್ನು ಅಲ್ಲಗಳೆಯುವ ಅಗತ್ಯವೇನೂ ಇಲ್ಲ, ಆ ಮಾತು ಬಾಣಂತಿಯ ಗಾಬರಿಯನ್ನು ತಗ್ಗಿಸುತ್ತದೆ. ಹಣೆಯ ಮೇಲೆ ಒದ್ದೆ ಮಾಡಿದ ದಾರದ ಎಳೆಯನ್ನೋ ಬಟ್ಟೆಯ ಚೂರನ್ನೋ ಅಂಟಿಸುವುದರಿಂದ ಪ್ರಯೋಜನವಿಲ್ಲ, ಮತ್ತು ಆ ಚೂರು ಜಾರಿ ಬಾಯಿಗೆ ಅಥವಾ ಮೂಗಿಗೆ ಹೋಗಬಹುದೆಂಬುದನ್ನು ಮೃದುವಾಗಿ ತಿಳಿಸಿದರೆ ಸಾಕು. ಬಾಯಿಯ ಮೂಲಕ ಕೊಡುವ ಪದಾರ್ಥಗಳ ವಿಷಯದಲ್ಲಿ ಮಾತ್ರ ನಾವು ದೃಢವಾಗಿರಬೇಕು. ಆರು ತಿಂಗಳು ತುಂಬುವವರೆಗೆ ತಾಯಿಹಾಲಲ್ಲದೆ ಬೇರೇನೂ ಬೇಡವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಒಂದು ಚಮಚ ನೀರಿಗೂ ಅನ್ವಯಿಸುತ್ತದೆ. ನೀರು ಪುಟ್ಟ ಜಠರದಲ್ಲಿ ಹಾಲಿನ ಜಾಗವನ್ನು ಆಕ್ರಮಿಸುತ್ತದೆ, ಹೆಚ್ಚಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಜೇನುತುಪ್ಪದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ಅವು ಶಿಶುವಿನ ಕರುಳಿನಲ್ಲಿ ಬೆಳೆದು ವಿಷವನ್ನು ಉತ್ಪಾದಿಸಿದರೆ ಸ್ನಾಯುಗಳು ಬಲಗುಂದಿ ಉಸಿರಾಟವೇ ನಿಲ್ಲುವ ಅಪಾಯವಿರುವುದರಿಂದ, ಒಂದು ವರ್ಷ ತುಂಬುವವರೆಗೆ ಜೇನನ್ನು ನೆಕ್ಕಿಸಲೂಬಾರದು.

ಬಜೆಯನ್ನು ತೇದು ನಾಲಿಗೆಗೆ ಹಚ್ಚುವ ರೂಢಿ ಕರ್ನಾಟಕದ ಅನೇಕ ಮನೆಗಳಲ್ಲಿ ಇನ್ನೂ ಇದೆ. ಅದರಲ್ಲಿರುವ ಬೀಟಾ ಅಸರೋನ್ ಎಂಬ ಹಾನಿಕಾರಕ ಅಂಶದ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ತೇಯುವ ಕಲ್ಲು ಮತ್ತು ನೀರಿನಿಂದ ತಗಲುವ ಸೋಂಕಿನ ಭಯವೂ ಇದೆ. ಮಗುವನ್ನು ಬೆಚ್ಚಿಬೀಳಿಸುವುದು, ನಾಲಿಗೆ ಎಳೆಯುವುದು, ಮೂಗು ಹಿಡಿಯುವುದು, ನೆತ್ತಿ ಒತ್ತುವುದು ಇವೆಲ್ಲ ಸಲ್ಲದ ಕೆಲಸಗಳು.

ಬಿಕ್ಕಳಿಕೆಯೊಂದೇ ಅಪಾಯದ ಲಕ್ಷಣವಲ್ಲವಾದರೂ ಅದರ ಜೊತೆಗೆ ಏನಿದೆ ಎಂಬುದನ್ನು ನೋಡದೆ ಬಿಡಬಾರದು. ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಎಚ್ಚರವಾಗದ ಮಂಪರು, ಹಸಿರು ಬಣ್ಣದ ವಾಂತಿ, ತುಟಿ ನೀಲಿಗಟ್ಟುವುದು, ಫಿಟ್ಸ್, ಎದೆಗೂಡು ಒಳಕ್ಕೆ ಸೆಳೆದುಕೊಳ್ಳುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಮೈಯ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನ ಸಹಜ ಮಿತಿಯಲ್ಲಿ ಇಲ್ಲದಿದ್ದರೂ ವೈದ್ಯರಿಗೆ ತಿಳಿಸಬೇಕು. ಉಸಿರನ್ನು ಬಿಕ್ಕಳಿಕೆ ನಿಂತು ಮಗು ಶಾಂತವಾದ ಮೇಲೆ ಪೂರ್ತಿ ಒಂದು ನಿಮಿಷ ಎಣಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನಾನ್‌ಕೀಟೋಟಿಕ್ ಹೈಪರ್‌ಗ್ಲೈಸಿನೀಮಿಯಾ ಎಂಬ ಅತಿ ವಿರಳ ಆನುವಂಶಿಕ ಕಾಯಿಲೆಯಲ್ಲಿ ಬಿಡದ ಬಿಕ್ಕಳಿಕೆ ಕಾಣಿಸುತ್ತದೆ. ಅಲ್ಲಿಯೂ ಅದರ ಜೊತೆಗೆ ಮೈ ಜೋಲುಬೀಳುವುದು, ಮಂಪರು ಮತ್ತು ಫಿಟ್ಸ್ ಇರುತ್ತವೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಿ ಮಗುವಿನ ತೂಕ ಮತ್ತು ಉಷ್ಣತೆಯನ್ನು ನೋಡುತ್ತಾರೆ. ಬಿಡುಗಡೆಯ ಹೊತ್ತಿಗೆ ಬಿಕ್ಕಳಿಕೆಯ ಬಗ್ಗೆ ಚಿಂತೆ ತೋರಿದ ಬಾಣಂತಿಗೆ, ಬಿಕ್ಕಳಿಕೆಯಿಂದ ಮಗುವಿನ ನಿದ್ದೆಗೋ ಹಾಲಿಗೋ ದಿನವೂ ಅಡ್ಡಿಯಾಗುತ್ತಿದ್ದರೆ ಅಥವಾ ತೂಕ ಏರದಿದ್ದರೆ ಆ ಭೇಟಿಯಲ್ಲೇ ಹೇಳಿ ಮಕ್ಕಳ ವೈದ್ಯರ ಬಳಿಗೆ ಹೋಗಬೇಕೆಂದು ಮನೆಯ ಹಿರಿಯರ ಎದುರಿನಲ್ಲೇ ತಿಳಿಸಿ ಕಳುಹಿಸಬೇಕು, ಏಕೆಂದರೆ ಮಗುವಿನ ಬಾಯಿಗೆ ಏನು ಹೋಗುತ್ತದೆ ಎಂಬುದನ್ನು ಬಾಣಂತನದ ಮನೆಯಲ್ಲಿ ಬಹುಪಾಲು ನಿರ್ಧರಿಸುವವರು ಅವರೇ.