ಬ್ಯಾಟಿಂಗ್ ಕಲಿಸುವವರಿಗೆ ಸಂಬಳ ಯಾಕಿರಲಿಲ್ಲ?

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್ ನಿಲ್ಲುವ ಜಾಗದಿಂದ, ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ಗಂಟೆಗೆ 90 ಮೈಲಿ ವೇಗದ ಚೆಂಡು ಅಷ್ಟು ದೂರ ಬರೋಕೆ ಸುಮಾರು 0.4 ಸೆಕೆಂಡು ಸಾಕು. ಅಷ್ಟರಲ್ಲೇ ಬ್ಯಾಟರ್ ಚೆಂಡನ್ನು ಗುರುತು ಹಿಡಿಯಬೇಕು, ಹೊಡೆಯೋದೋ ಬಿಡೋದೋ ಅಂತ ತೀರ್ಮಾನಿಸಬೇಕು, ಬ್ಯಾಟ್ ಬೀಸಬೇಕು. ಇದನ್ನು ಕಲಿಸುವವರು ಹಿಟ್ಟಿಂಗ್ ಕೋಚ್.

ಅವರ ಕೆಲಸ ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಸುತ್ತ ಬಲೆ ಕಟ್ಟಿದ ಉದ್ದನೆಯ ಕೇಜ್. ಒಂದು ಕಡೆ ಬ್ಯಾಟರ್. ಇನ್ನೊಂದು ಕಡೆ ‘ಎಲ್’ ಅಕ್ಷರದ ಆಕಾರದ ತಡೆಬಲೆ, ಅದರ ಹಿಂದೆ ಕೋಚ್, ಪಕ್ಕದಲ್ಲಿ ಚೆಂಡು ತುಂಬಿದ ಬಕೆಟ್. ತಡೆಬಲೆಯ ಖಾಲಿ ಮೂಲೆಯಿಂದ ಕೈ ಹಾಕಿ ಚೆಂಡು ಎಸೆಯುತ್ತಾರೆ, ತಕ್ಷಣ ಮರೆಗೆ ಸರಿಯುತ್ತಾರೆ. ಸರಿಯದಿದ್ದರೆ ಹೊಡೆದ ಚೆಂಡು ಮುಖಕ್ಕೇ ಬಡಿದೀತು. ಪಿಚರ್‌ಗಿಂತ ನಿಧಾನ ಎಸೆಯುತ್ತಾರೆ, ಆದರೆ ತುಂಬ ಹತ್ತಿರದಿಂದ. ಹಾಗಾಗಿ ಬ್ಯಾಟರ್‌ಗೆ ಸಿಗುವ ಸಮಯ ಹೆಚ್ಚುಕಮ್ಮಿ ಪಂದ್ಯದಷ್ಟೇ. ಬಕೆಟ್ ಖಾಲಿಯಾದಾಗ ಇಬ್ಬರೂ ಬಗ್ಗಿ ಚೆಂಡು ಆರಿಸುತ್ತಾರೆ. ಮತ್ತೆ ಶುರು. ಕ್ರಿಕೆಟ್‌ನ ಥ್ರೋಡೌನ್ ನೋಡಿದವರಿಗೆ ಈ ದುಡಿಮೆ ಅರ್ಥವಾಗುತ್ತದೆ. ಸಂಜೆಯ ಭುಜದ ನೋವೂ ಅರ್ಥವಾಗುತ್ತದೆ.

ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಮೇಲಿನ ದರ್ಜೆಗೆ ಡಿವಿಷನ್ ಒಂದು ಅಂತ ಹೆಸರು. ಅಲ್ಲಿ ಸುಮಾರು 300 ತಂಡಗಳಿವೆ. ಈ ತಂಡಗಳಲ್ಲಿ ಬ್ಯಾಟಿಂಗ್ ಕಲಿಸಿದ, ಕ್ಯಾಚರ್‌ಗಳನ್ನು (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರನ್ನು) ತಯಾರು ಮಾಡಿದ ಎಷ್ಟೋ ಕೋಚ್‌ಗಳಿಗೆ 2023ರವರೆಗೂ ಒಂದು ಡಾಲರ್ ಸಂಬಳ ಬರಲಿಲ್ಲ. ಅವರನ್ನು ‘ವಾಲಂಟಿಯರ್ ಅಸಿಸ್ಟೆಂಟ್’ ಅಂತ ಕರೆಯುತ್ತಿದ್ದರು. ದೊಡ್ಡ ಕಾಲೇಜುಗಳು ಕೊಡುತ್ತೇವೆ ಅಂದರೂ ಕೊಡುವಂತಿರಲಿಲ್ಲ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಅದನ್ನು ತಡೆದಿತ್ತು.

ಇದರ ಬೇರು 1990ರ ದಶಕದ ಆರಂಭದಲ್ಲಿದೆ. ಕ್ರೀಡಾ ವಿಭಾಗಗಳ ಖರ್ಚು ಕೈಮೀರುತ್ತಿದೆ ಅಂತ ಆಗ ಕಾಲೇಜುಗಳಿಗೆ ಆತಂಕ ಶುರುವಾಗಿತ್ತು. ಆಟಗಾರರಿಗೆ ಸಂಬಳವೇ ಇರಲಿಲ್ಲ. ಹೆಸರಾಂತ ಮುಖ್ಯ ಕೋಚ್‌ಗಳ ಸಂಬಳ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಕತ್ತರಿ ಬಿದ್ದದ್ದು ಕೆಳಗಿನ ಸಹಾಯಕರ ಮೇಲೆ. ಒಂದೊಂದು ಆಟಕ್ಕೆ ಎಷ್ಟು ಕೋಚ್ ಇರಬಹುದು ಅಂತ ಎಣಿಕೆ ಬಿಗಿಯಾಯಿತು. ಅದರ ಜೊತೆಗೆ 1991ರಲ್ಲಿ ‘ಸೀಮಿತ ಗಳಿಕೆಯ ಕೋಚ್’ ಅನ್ನುವ ಹೊಸ ದರ್ಜೆ ಮಾಡಿದರು. ಅವರಿಗೆ ವರ್ಷಕ್ಕೆ 16,000 ಡಾಲರ್‌ಗಿಂತ ಜಾಸ್ತಿ ಕೊಡುವಂತಿಲ್ಲ. ಓದಿನ ವರ್ಷಕ್ಕೆ 12,000, ಬೇಸಿಗೆಗೆ 4,000, ಅಷ್ಟೇ. 1992ರ ಆಗಸ್ಟ್‌ನಿಂದ ಇದು ಜಾರಿಗೆ ಬಂತು.

ಮೊದಲು ಕೋರ್ಟಿಗೆ ಹೋದವರು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳು. ಉಳಿದ ಆಟಗಳವರೂ ಆಮೇಲೆ ಸೇರಿಕೊಂಡರು. ಅವರ ವಾದ ಸರಳವಾಗಿತ್ತು. ಪರಸ್ಪರ ಪೈಪೋಟಿ ಮಾಡಬೇಕಾದ ನೂರಾರು ಕಾಲೇಜುಗಳು ಒಟ್ಟಿಗೆ ಕೂತು ‘ಇವರಿಗೆ ಇಷ್ಟೇ ಕೊಡೋಣ’ ಅಂತ ಮಾತಾಡಿಕೊಂಡರೆ ಅದು ಅಮೆರಿಕದ ಪೈಪೋಟಿ ಕಾನೂನಿಗೆ ವಿರುದ್ಧ. 1995ರಲ್ಲಿ ಕ್ಯಾನ್ಸಸ್‌ನ ಫೆಡರಲ್ ನ್ಯಾಯಾಲಯ ಇದನ್ನು ಒಪ್ಪಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಅದೇ ವರ್ಷ ಜ್ಯೂರಿ ನಿಗದಿ ಮಾಡಿದ ಪರಿಹಾರವನ್ನು ಕಾನೂನಿನ ಪ್ರಕಾರ ಮೂರು ಪಟ್ಟು ಮಾಡಿದಾಗ ಮೊತ್ತ ಸುಮಾರು 6.7 ಕೋಟಿ ಡಾಲರ್ ಮುಟ್ಟಿತು. ಕೊನೆಗೆ 1999ರಲ್ಲಿ ಎನ್‌ಸಿಎಎ 5.45 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಕೋರ್ಟ್ ಹೊಡೆದುಹಾಕಿದ್ದು 16,000 ಡಾಲರ್‌ನ ಮಿತಿಯನ್ನು. ಎಷ್ಟು ಜನ ಕೋಚ್ ಇರಬಹುದು ಅನ್ನುವ ಮಿತಿ ಹಾಗೇ ಉಳಿಯಿತು. ಬೇಸ್‌ಬಾಲ್‌ಗೆ ಸಿಕ್ಕಿದ್ದು ಒಬ್ಬ ಮುಖ್ಯ ಕೋಚ್, ಸಂಬಳದ ಇಬ್ಬರು ಸಹಾಯಕರು, ಮೇಲೊಬ್ಬ ವಾಲಂಟಿಯರ್. ಹದಿನಾರು ಸಾವಿರ ಕೊಡೋದು ತಪ್ಪು ಅಂದ ಕಾನೂನಿನ ಕಣ್ಣೆದುರೇ ಸೊನ್ನೆ ಕೊಡೋದು ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆಯಿತು. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಸಂಕಟ ಕೊಡುವ ಭಾಗ ಇದೇ.

ಲೆಕ್ಕ ನೋಡಿ. ಆಗ ಬೇಸ್‌ಬಾಲ್ ತಂಡದಲ್ಲಿ ಸುಮಾರು 35 ಆಟಗಾರರು. ಒಬ್ಬ ಸಹಾಯಕ ಸಾಮಾನ್ಯವಾಗಿ ಪಿಚರ್‌ಗಳ ಜೊತೆ ಇರುತ್ತಾರೆ. ಇನ್ನೊಬ್ಬರು ಬ್ಯಾಟಿಂಗ್, ಫೀಲ್ಡಿಂಗ್ ನೋಡಿಕೊಳ್ಳುತ್ತಲೇ ಹೈಸ್ಕೂಲ್ ಹುಡುಗರನ್ನು ಹುಡುಕುತ್ತಾ ಊರೂರು ತಿರುಗಬೇಕು. ಅವರು ಊರಲ್ಲಿಲ್ಲದ ದಿನ ಕೇಜ್‌ನಲ್ಲಿ ಚೆಂಡು ಎಸೆಯೋರು ಯಾರು? ವಾಲಂಟಿಯರ್. ಅದೇ ಕ್ಯಾಂಪಸ್‌ನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ 2018ರಿಂದ ಸಂಬಳದ ಸಹಾಯಕರೇ ಹತ್ತು ಜನ ಇದ್ದರು.

ಹೆಸರು ವಾಲಂಟಿಯರ್ ಆದರೂ ದುಡಿಮೆ ಪೂರ್ತಿ ಹೊತ್ತಿನದು. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ವಿಡಿಯೊ, ವಾರದ ಕೊನೆಗೆ ಬೇರೆ ಊರಲ್ಲಿ ಪಂದ್ಯ. ಹೊಟ್ಟೆಪಾಡಿಗೆ ಉಳಿದ ದಾರಿ ಅಂದರೆ ಕ್ಯಾಂಪ್‌ಗಳು. ರಜೆಯಲ್ಲಿ ಮಕ್ಕಳಿಗೆ ಕಾಲೇಜು ನಡೆಸುವ ತರಬೇತಿ ಶಿಬಿರದಲ್ಲಿ ಕಲಿಸಿ ಸಿಕ್ಕಷ್ಟು ಗಳಿಸಬಹುದಿತ್ತು. ಹೆಸರಾಂತ ತಂಡದ ಕ್ಯಾಂಪಿಗೆ ಮಕ್ಕಳು ಮುಗಿಬೀಳುತ್ತಾರೆ. ಸಣ್ಣ ಕಾಲೇಜಿನ ಕ್ಯಾಂಪಿಗೆ ಅಷ್ಟು ಜನ ಎಲ್ಲಿಂದ ಬರಬೇಕು?

ಇದಕ್ಕಿಂತ ಗಟ್ಟಿಯಾದ ಬೇಲಿ ಇನ್ನೊಂದಿತ್ತು. ಹೊಸ ಆಟಗಾರರನ್ನು ಹುಡುಕಲು ವಾಲಂಟಿಯರ್ ಕ್ಯಾಂಪಸ್‌ನಿಂದ ಹೊರಗೆ ಹೋಗುವಂತಿರಲಿಲ್ಲ. ಮುಂದಿನ ಕೆಲಸಕ್ಕೆ ಅರ್ಜಿ ಹಾಕಿದಾಗ ಮೊದಲು ಕೇಳುವ ಪ್ರಶ್ನೆಯೇ ‘ಆಟಗಾರರನ್ನು ಕರೆತಂದ ಅನುಭವ ಇದೆಯಾ?’ ಅಂತ. ಬಿಟ್ಟಿ ದುಡಿಮೆ ಎಷ್ಟು ವರ್ಷ ಮಾಡಿದರೂ ಆ ಅನುಭವ ಸಿಗೋದಿಲ್ಲ. ತಡೆದುಕೊಳ್ಳುವ ಶಕ್ತಿ ಇದ್ದವರು ಉಳಿದರು. ಮನೆ ಬಾಡಿಗೆ ತಾನೇ ಕಟ್ಟಬೇಕಾದವರು, ಅಪ್ಪ-ಅಮ್ಮನಿಗೆ ದುಡ್ಡು ಕಳಿಸಬೇಕಾದವರು ಬೇರೆ ಕೆಲಸ ಹುಡುಕಿಕೊಂಡರು. ಹಾಗೆ ಹೋದವರಲ್ಲಿ ಎಂಥ ಕಲಿಸುವ ಕೈಗಳಿದ್ದವೋ.

ಉಳಿದು ಮೇಲೆ ಬಂದವರೂ ಇದ್ದಾರೆ. ಜಾಶ್ ಎಲಾಂಡರ್ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ತಂಡದಲ್ಲಿ ಕ್ಯಾಚರ್ ಆಗಿದ್ದವರು. 2012ರಲ್ಲಿ ವೃತ್ತಿಪರ ತಂಡ ಅರಿಝೋನಾ ಡೈಮಂಡ್‌ಬ್ಯಾಕ್ಸ್, ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಅವರನ್ನು ಆರಿಸಿಕೊಂಡಿತು. ಆಟ ಬಿಟ್ಟ ಮೇಲೆ 2017ರಲ್ಲಿ ಆರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ವಾಲಂಟಿಯರ್ ಕೋಚ್ ಆದರು. ಅಲ್ಲಿ ಸಂಬಳದ ಸಹಾಯಕರಾಗಿದ್ದ ಟೋನಿ ವಿಟೆಲ್ಲೊ ಆ ವರ್ಷವೇ ಟೆನೆಸಿ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು, ಎಲಾಂಡರ್ ಅವರನ್ನೂ ಕರೆದುಕೊಂಡು ಹೋದರು. ಬ್ಯಾಟಿಂಗ್ ಕಲಿಸುವುದು, ಆಟಗಾರರನ್ನು ಹುಡುಕಿ ತರುವುದು ಎರಡೂ ಅವರ ಹೊಣೆ. ಟೆನೆಸಿ 2022ರಲ್ಲಿ 158 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದಂತೆ) ಹೊಡೆಯಿತು. 2024ರಲ್ಲಿ 184. ಒಂದೇ ತಂಡದ ಐದು ಜನ ತಲಾ 20 ಅಥವಾ ಅದಕ್ಕೂ ಹೆಚ್ಚು ಹೊಡೆದದ್ದು ಕಾಲೇಜು ಬೇಸ್‌ಬಾಲ್‌ನಲ್ಲಿ ಅದೇ ಮೊದಲು. ಆ ವರ್ಷ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. 2025ರ ಅಕ್ಟೋಬರ್‌ನಲ್ಲಿ ವಿಟೆಲ್ಲೊ ವೃತ್ತಿಪರ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಮ್ಯಾನೇಜರ್ (ಅಲ್ಲಿ ಮುಖ್ಯ ಕೋಚ್‌ಗೆ ಇರುವ ಹೆಸರು) ಆಗಿ ಹೋದಾಗ ಟೆನೆಸಿ ಮುಖ್ಯ ಕೋಚ್ ಪಟ್ಟ ಎಲಾಂಡರ್‌ಗೆ ಕೊಟ್ಟಿತು. ಎಂಟು ವರ್ಷದ ಹಿಂದೆ ಅವರು ಮಾಡುತ್ತಿದ್ದ ಕೆಲಸಕ್ಕೆ ಸಂಬಳವೇ ಇರಲಿಲ್ಲ.

ನಿಯಮ ಬದಲಿಸಲು ಪ್ರಯತ್ನ ಆಗಲಿಲ್ಲ ಅಂತಲ್ಲ. ಬೇಸ್‌ಬಾಲ್ ಮತ್ತು ಅದನ್ನೇ ಹೋಲುವ ಸಾಫ್ಟ್‌ಬಾಲ್‌ನಲ್ಲಿ ಮೂರನೇ ಸಹಾಯಕರಿಗೂ ಸಂಬಳ ಕೊಡಲು ಬಿಡಿ ಅನ್ನುವ ಪ್ರಸ್ತಾಪ 2019ರ ಏಪ್ರಿಲ್‌ನಲ್ಲಿ ಮತಕ್ಕೆ ಬಂತು. ಬಿದ್ದುಹೋಯಿತು. ದೊಡ್ಡ ಕಾಲೇಜುಗಳು ಕೊಟ್ಟರೆ ನಾವೂ ಕೊಡಬೇಕಾಗುತ್ತದೆ ಅನ್ನೋದು ವಿರೋಧಿಸಿದವರ ಚಿಂತೆ. ಬೇಸ್‌ಬಾಲ್‌ನಿಂದ ಕಾಸು ಹುಟ್ಟದ ಕಾಲೇಜಿನ ಕಷ್ಟ ಸುಳ್ಳಲ್ಲ. ಆದರೆ ಪ್ರಸ್ತಾಪ ‘ಕೊಡಲೇಬೇಕು’ ಅಂದಿರಲಿಲ್ಲ, ‘ಕೊಡಬಹುದು’ ಅಂದಿತ್ತು. ಅಷ್ಟಕ್ಕೂ ಬಿಡಲಿಲ್ಲ. ಆರ್ಕನ್ಸಾದ ಮುಖ್ಯ ಕೋಚ್ ಡೇವ್ ವಾನ್ ಹಾರ್ನ್ ಬಹಿರಂಗವಾಗಿಯೇ ಸಿಟ್ಟು ಹೊರಹಾಕಿದರು.

ಗಾಳಿ ತಿರುಗಿದ್ದು 2021ರ ಜೂನ್‌ನಲ್ಲಿ. ಆಟಗಾರರ ಸವಲತ್ತಿನ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಕಾಲೇಜು ಕ್ರೀಡೆ ಅನ್ನುವ ಕಾರಣಕ್ಕೆ ಪೈಪೋಟಿ ಕಾನೂನಿನಿಂದ ವಿನಾಯಿತಿ ಇಲ್ಲ ಅನ್ನೋದು ಗಟ್ಟಿಯಾಯಿತು. 2022ರ ನವೆಂಬರ್‌ನಲ್ಲಿ, ಹಿಂದೆ ವಾಲಂಟಿಯರ್ ಆಗಿದ್ದ ಇಬ್ಬರು ಬೇಸ್‌ಬಾಲ್ ಕೋಚ್‌ಗಳು ಎಲ್ಲರ ಪರವಾಗಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯಕ್ಕೆ ಹೋದರು. 1990ರ ದಶಕದ ಅದೇ ವಾದ. ಎರಡೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ಎನ್‌ಸಿಎಎ ವಾಲಂಟಿಯರ್ ದರ್ಜೆಯನ್ನೇ ತೆಗೆದುಹಾಕಿತು. ಜುಲೈ 1ರಿಂದ ಬೇಸ್‌ಬಾಲ್‌ಗೆ ಮುಖ್ಯ ಕೋಚ್ ಜೊತೆ ಸಂಬಳ ಪಡೆಯಬಹುದಾದ ಮೂವರು ಸಹಾಯಕರು. ಅವರೆಲ್ಲ ಆಟಗಾರರನ್ನು ಹುಡುಕಲು ಹೊರಗೂ ಹೋಗಬಹುದು.

ಹಿಂದಿನ ದುಡಿಮೆಯ ಲೆಕ್ಕ ಬೇಸ್‌ಬಾಲ್ ಕೋಚ್‌ಗಳ ಮಟ್ಟಿಗೆ ಸುಮಾರು 4.9 ಕೋಟಿ ಡಾಲರ್‌ಗೆ ರಾಜಿಯಾಯಿತು. ಉಳಿದ ಆಟಗಳ ವಾಲಂಟಿಯರ್‌ಗಳು ಬೇರೆ ಮೊಕದ್ದಮೆ ಹೂಡಿದ್ದರು. ಅದರ ರಾಜಿ ಮೊತ್ತ 30.3 ಕೋಟಿ ಡಾಲರ್.

ಇಂಥ ಮೊಕದ್ದಮೆಯಲ್ಲಿ ನಾಲ್ಕು ವರ್ಷದ ಹಿಂದಿನವರೆಗೆ ಮಾತ್ರ ಪರಿಹಾರ ಕೇಳಬಹುದು. ಹಾಗಾಗಿ ಬೇಸ್‌ಬಾಲ್ ಕೋಚ್‌ಗಳ ಪಟ್ಟಿ 2018ರ ನವೆಂಬರ್‌ನಿಂದ ಶುರುವಾಗುತ್ತದೆ. 1995ರಲ್ಲೋ 2008ರಲ್ಲೋ ಆ ತಡೆಬಲೆಯ ಹಿಂದೆ ನಿಂತು ಬಕೆಟ್ ಮೇಲೆ ಬಕೆಟ್ ಖಾಲಿ ಮಾಡಿದವರ ಹೆಸರು ಅದರಲ್ಲಿಲ್ಲ.