ಮುಖವಾಡ ಮುಚ್ಚದ ಜಾಗ

ಬ್ಯಾಂಕಿನ ಕ್ಯಾಶ್ ವಿಭಾಗಕ್ಕೆ ಹೋದ ಹೊಸದರಲ್ಲಿ ನಮಗೊಂದು ತರಬೇತಿ ಕೊಟ್ಟಿದ್ದರು. ದರೋಡೆಕೋರರು ನುಗ್ಗಿದರೆ ಎದುರು ನಿಲ್ಲಬೇಡಿ, ಕೇಳಿದ್ದನ್ನು ಕೊಟ್ಟುಬಿಡಿ. ಕಣ್ಣು ಮಾತ್ರ ತೆರೆದಿರಲಿ. ಮುಖ ಮುಚ್ಚಿದ್ದರೆ ಎತ್ತರ ನೋಡಿ, ನಡಿಗೆ ನೋಡಿ, ಮಾತಿನ ಧಾಟಿ, ಕೈ ಮೇಲಿನ ಹಚ್ಚೆ, ಕಾಲಿನ ಶೂ ನೋಡಿ.

2010ರಲ್ಲಿ ಬಂದ, ಬೆನ್ ಅಫ್ಲೆಕ್ ನಿರ್ದೇಶಿಸಿದ ‘ದ ಟೌನ್’ ಚಿತ್ರ ನೋಡುವಾಗ ಆ ಪಾಠವೇ ನೆನಪಾಗುತ್ತಿತ್ತು. ಅಮೆರಿಕದ ಬಾಸ್ಟನ್ ನಗರದ ಚಾರ್ಲ್ಸ್‌ಟೌನ್‌ನ ನಾಲ್ವರು ಗೆಳೆಯರು ಬ್ಯಾಂಕೊಂದನ್ನು ದೋಚುತ್ತಾರೆ. ಮ್ಯಾನೇಜರ್ ಕ್ಲೇರ್‌ಳನ್ನು ಒತ್ತೆಯಾಳಾಗಿ ಎಳೆದೊಯ್ದು, ಕಣ್ಣಿಗೆ ಬಟ್ಟೆ ಕಟ್ಟಿ ಸಮುದ್ರದ ದಡದಲ್ಲಿ ಬಿಡುತ್ತಾರೆ. ಅವಳಿಗೆ ಏನೆಲ್ಲ ಗೊತ್ತಾಗಿದೆ ಎಂದು ತಿಳಿಯಲು ಹಿಂದೆ ಬಿದ್ದ, ಆ ನಾಲ್ವರಲ್ಲೊಬ್ಬನಾದ ಡಗ್‌ಗೆ ಅವಳ ಮೇಲೇ ಪ್ರೀತಿ ಹುಟ್ಟುತ್ತದೆ. ಡಗ್ ಪಾತ್ರ ಅಫ್ಲೆಕ್ ಅವರದೇ.

ದರೋಡೆಯ ದೃಶ್ಯ ನನಗೆ ನಿಜ ಅನ್ನಿಸಿತು. ಡಿಎನ್‌ಎ ಗುರುತು ಉಳಿಯಬಾರದೆಂದು ಅವರು ಬ್ಲೀಚ್ ಸುರಿಯುತ್ತಾರೆ. ಅದಕ್ಕಿಂತ ಜಾಸ್ತಿ ನನ್ನನ್ನು ಹಿಡಿದಿಟ್ಟದ್ದು ತಿಜೋರಿ ತೆರೆಯುವಾಗ ನಡುಗುವ ಕ್ಲೇರ್‌ಳ ಕೈ. ನಮ್ಮಲ್ಲಿ ಸ್ಟ್ರಾಂಗ್ ರೂಮಿನ ಎರಡು ಕೀ ಇಬ್ಬರ ಬಳಿ ಇರುತ್ತವೆ. ಇಬ್ಬರೂ ಬರದೆ ಬಾಗಿಲು ತೆರೆಯುವುದಿಲ್ಲ. ಒಮ್ಮೆ ಮಾಕ್ ಡ್ರಿಲ್ ಮಾಡಿದ್ದೆವು. ಸುಮ್ನೆ ಅಭ್ಯಾಸ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಕೀ ತೂತಿಗೆ ಸಿಗದೆ ನನ್ನ ಕೈ ಎರಡು ಸಲ ಜಾರಿತು.

ಚಿತ್ರದ ಅತ್ಯುತ್ತಮ ಘಳಿಗೆಯಲ್ಲಿ ಬಂದೂಕೇ ಇಲ್ಲ. ಡಗ್‌ನ ಗೆಳೆಯ ಜೆಮ್‌ನ ಕತ್ತಿನ ಹಿಂದೆ ಒಂದು ಹಚ್ಚೆ ಇದೆ. ದರೋಡೆಯ ದಿನ ಕ್ಲೇರ್ ಅದನ್ನು ನೋಡಿಬಿಟ್ಟಿದ್ದಾಳೆ. ಮುಂದೊಂದು ದಿನ ಡಗ್ ಮತ್ತು ಕ್ಲೇರ್ ಹೋಟೆಲಿನ ಹೊರಗೆ ಊಟಕ್ಕೆ ಕೂತಿರುವಾಗ ಜೆಮ್ ಬಂದು ಅದೇ ಮೇಜಿಗೆ ಕೂರುತ್ತಾನೆ. ಅವನು ಸ್ವಲ್ಪ ತಿರುಗಿದರೂ ಮುಗಿಯಿತು. ತರಬೇತಿಯಲ್ಲಿ ಕಲಿತ ಒಂದು ಸಾಲು ಇಲ್ಲಿ ಪ್ರೇಮಕಥೆಯ ಕುತ್ತಿಗೆಗೇ ಬಂದು ಕೂತಿದೆ. ಬ್ಯಾಂಕಿನವರ ಕಣ್ಣು ಏನನ್ನು ಹುಡುಕುತ್ತದೆ ಎಂದು ಚೆನ್ನಾಗಿ ಬಲ್ಲವರೇ ಹೀಗೆ ಬರೆಯಬಲ್ಲರು.

ನನಗೆ ಒಪ್ಪಿಗೆಯಾಗದ್ದು ಬೇರೆ. ಡಗ್ ನಮಗೆ ಇಷ್ಟವಾಗಬೇಕಲ್ಲ, ಅದಕ್ಕೆ ಕ್ರೌರ್ಯವನ್ನೆಲ್ಲ ಜೆಮ್‌ನ ತಲೆಗೆ ಕಟ್ಟಿದ್ದಾರೆ. ಹೊಡೆಯುವವನು ಜೆಮ್, ತಡೆಯುವವನು ಡಗ್. ಜೆರೆಮಿ ರೆನ್ನರ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ ಆಸ್ಕರ್‌ಗೆ ನಾಮನಿರ್ದೇಶನವೂ ಸಿಕ್ಕಿತು. ಆದರೆ ನೆಲದ ಮೇಲೆ ಮಲಗಿಸಿದ ನೌಕರರಿಗೆ ಆ ನಾಲ್ವರಲ್ಲಿ ಒಳ್ಳೆಯವನು, ಕೆಟ್ಟವನು ಅಂತ ಇರುತ್ತಾರಾ? ಬಂದೂಕು ಹಿಡಿದೇ ಅಲ್ವಾ ಡಗ್ ಕೂಡ ಒಳಗೆ ಬಂದದ್ದು?

ಕ್ಲೇರ್‌ಗೆ ಸತ್ಯ ಗೊತ್ತಾದಾಗ ಅವಳ ಸಿಟ್ಟು, ಅಸಹ್ಯ ಎರಡೂ ನಿಜ. ರೆಬೆಕ್ಕಾ ಹಾಲ್ ಅದನ್ನು ಚೂರೂ ಹೆಚ್ಚು ಮಾಡದೆ ತೋರಿಸುತ್ತಾರೆ. ಕೊನೆಗೆ ಡಗ್‌ನನ್ನು ಹಿಡಿಯಲು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿಗಳು ಅವಳ ಮನೆಯಲ್ಲೇ ಇರುವಾಗ ಅವಳು ಫೋನಿನಲ್ಲಿ ಅವನಿಗೆ ಬಿಸಿಲ ದಿನಗಳ ಮಾತೆತ್ತುತ್ತಾಳೆ. ತನ್ನ ಸಹೋದರ ತೀರಿಹೋದದ್ದು ಅಂಥ ದಿನವೇ ಎಂದು ಹಿಂದೆ ಡಗ್‌ಗೆ ಹೇಳಿರುತ್ತಾಳೆ. ಹಾಗಾಗಿ ಎಚ್ಚರಿಕೆ ಅವನಿಗೊಬ್ಬನಿಗೆ ಮಾತ್ರ ತಿಳಿಯುತ್ತದೆ. ಪ್ರೇಮಕಥೆಯಾಗಿ ಸುಂದರ. ಆದರೆ ಅವಳಿಗೆ ಅಷ್ಟು ಬೇಗ ಅಷ್ಟು ಕರುಣೆ ಬಂತು ಎಂಬುದನ್ನು ನಾನು ನಂಬಲಾರೆ.

ದರೋಡೆಯಾದ ಶಾಖೆಯೊಂದರಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ನಮ್ಮಲ್ಲಿದ್ದರು. ಯಾರಾದರೂ ಹೆಲ್ಮೆಟ್ ತೆಗೆಯದೆ ಒಳಗೆ ಬಂದರೆ ಸಾಕು, ಎಣಿಸುತ್ತಿದ್ದ ನೋಟಿನ ಕಟ್ಟನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿಬಿಡುತ್ತಿದ್ದರು. ಆಮೇಲೆ ಮೊದಲಿಂದ ಎಣಿಸುತ್ತಿದ್ದರು.