ಹಿಮ್ಮುಖ ಸರಪಳಿ: ಚಡ್ಡಿ ತೊಡಿಸುವ ಪಾಠದಲ್ಲಿ ನಾನು ಎಡವಿದ ಜಾಗ

ಆಕ್ಯುಪೇಷನಲ್ ಥೆರಪಿಯನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಬರೆಯುವುದುಂಟು. ಐದು ವರ್ಷದ ಮಗುವಿಗೆ ಎಂಥ ಉದ್ಯೋಗವೆಂದು ಯಾರಾದರೂ ಕೇಳಿದರೆ ಅದು ಅವರ ತಪ್ಪಲ್ಲ. ಇಲ್ಲಿ ಉದ್ಯೋಗವೆಂದರೆ ದಿನವನ್ನು ತುಂಬುವ ಕೆಲಸಗಳು. ಮಗುವಿನ ಮಟ್ಟಿಗೆ ಅವು ಆಟ, ಊಟ, ಸ್ನಾನ, ಬಟ್ಟೆ ತೊಡುವುದು, ಬರೆಯುವುದು. ಇವು ಕಷ್ಟವಾದಾಗ ತಾನೇ ಮಾಡಿಕೊಳ್ಳುವಂತೆ ಕಲಿಸಿ ನೆರವಾಗುವುದು ಈ ಚಿಕಿತ್ಸೆಯ ಕೆಲಸ.

ಕಲಿಸುವ ಮೊದಲು ಮಗು ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ನೋಡಬೇಕು. ಅನ್ನ ಸಾರು ಕಲಸಲು ಒಲ್ಲದ ಮಗುವಿಗೆ ಒದ್ದೆಯಾದ, ಅಂಟುವ ಸ್ಪರ್ಶವೇ ಸಹಿಸಲಾಗದಿರಬಹುದು. ಸಂವೇದನೆಗಳನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯನ್ನು ಕಲಿಕೆಯ ತೊಂದರೆಗಳೊಡನೆ ಜೋಡಿಸಿ ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ 1972ರಲ್ಲಿ ಪ್ರಕಟಿಸಿದ ಪುಸ್ತಕ ಈ ವಿಚಾರಕ್ಕೆ ಬುನಾದಿ. ಚಡ್ಡಿ ತೊಡಲಾಗದ ಇನ್ನೊಂದು ಮಗುವಿಗೆ ಒಂಟಿಕಾಲಲ್ಲಿ ನಿಲ್ಲುವುದಷ್ಟೇ ಕಷ್ಟವಿದ್ದರೆ, ಕೂರಲು ಗಿಡ್ಡ ಸ್ಟೂಲ್ ಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಇನ್ನು ನನ್ನನ್ನು ಎರಡು ವಾರ ಕಾಡಿದ ವಿಷಯ, ಹಿಮ್ಮುಖ ಸರಪಳಿ, ಅಂದರೆ ಒಂದು ಕೆಲಸವನ್ನು ಹೆಜ್ಜೆಗಳಾಗಿ ಒಡೆದು ಕೊನೆಯ ಹೆಜ್ಜೆಯನ್ನು ಮಗುವಿಗೆ ಮೊದಲು ಕಲಿಸುವ ವಿಧಾನ. ‘ಹಿಮ್ಮುಖ’ ಎಂದೊಡನೆ ಕೆಲಸವನ್ನೇ ಹಿಂದಿನಿಂದ ಮಾಡಿಸಬೇಕೆಂದು, ಅಂದರೆ ಮೊದಲು ಚಡ್ಡಿ ಬಿಚ್ಚುವುದನ್ನು ಕಲಿಸಬೇಕೆಂದು ನಾನು ಬರೆದುಕೊಂಡಿದ್ದೆ. ಅದು ತಪ್ಪು. ಹೆಜ್ಜೆಗಳ ಕ್ರಮ ಎಂದೂ ಬದಲಾಗುವುದಿಲ್ಲ. ಯಾವ ಹೆಜ್ಜೆಯನ್ನು ಯಾರು ಮಾಡುತ್ತಾರೆ ಎಂಬುದು ಮಾತ್ರ ಬದಲಾಗುತ್ತದೆ. ಚಡ್ಡಿಯ ಹಿಂದುಮುಂದು ನೋಡಿ ಹಿಡಿಯುವುದು, ಒಂದು ಕಾಲು ತೂರಿಸುವುದು, ಇನ್ನೊಂದು ಕಾಲು ತೂರಿಸುವುದು, ಮೊಣಕಾಲಿನವರೆಗೆ ಎಳೆಯುವುದು, ಎದ್ದು ನಿಂತು ಕುಂಡೆಯ ಮೇಲೇರಿಸುವುದು, ಸೊಂಟಕ್ಕೆ ಸರಿಯಾಗಿ ಕೂರಿಸುವುದು ಎಂದು ಆರು ಹೆಜ್ಜೆಗಳಿವೆ ಎಂದುಕೊಳ್ಳೋಣ. ಮೊದಲ ಐದನ್ನು ಅಮ್ಮ ಮಾಡಿಕೊಡುತ್ತಾಳೆ, ಆರನೆಯದನ್ನು ಮಗು ಮಾಡುತ್ತದೆ. ಅದು ನೆರವಿಲ್ಲದೆ ಸಲೀಸಾಗಿ ಬರತೊಡಗಿದ ಮೇಲೆ ಅಮ್ಮ ನಾಲ್ಕಕ್ಕೇ ಕೈಬಿಡುತ್ತಾಳೆ, ಐದು ಮತ್ತು ಆರು ಮಗುವಿನ ಪಾಲಿಗೆ ಬರುತ್ತವೆ.

ಮುಮ್ಮುಖವಾಗಿ ಕಲಿಸಿದರೆ ಮಗು ಆರಂಭಿಸಿದ್ದನ್ನು ದೊಡ್ಡವರು ಮುಗಿಸುತ್ತಾರೆ. ಹಿಮ್ಮುಖದಲ್ಲಿ ಪ್ರತಿ ಸಲವೂ ಕೆಲಸ ಪೂರ್ಣವಾಗುವುದು ಮಗುವಿನ ಕೈಯಲ್ಲೇ, ಮೆಚ್ಚುಗೆಯೂ ಸರಿಯಾಗಿ ಆ ಕ್ಷಣಕ್ಕೇ ಸಿಗುತ್ತದೆ. ಬೇಗ ಬೇಸತ್ತು ಕೈಚೆಲ್ಲುವ ಮಗುವಿಗೆ ಇದು ಹೆಚ್ಚು ಒಗ್ಗುತ್ತದೆಂದು ನನಗನಿಸುತ್ತದೆ. ಶಾಲೆಯ ವ್ಯಾನ್ ಹಾರ್ನ್ ಹೊಡೆಯುತ್ತಿರುವ ಬೆಳಗಿನ ಹೊತ್ತು ಮಾತ್ರ ಇದಕ್ಕೆ ಬೇಡ. ರಾತ್ರಿ ಬಟ್ಟೆ ಬದಲಿಸುವಾಗ ಆತುರವಿರುವುದಿಲ್ಲ.

ಹೀಗೆ ನಡೆದರೆ ಹಿಂದುಮುಂದು ಗುರುತಿಸುವ ಮೊದಲ ಹೆಜ್ಜೆ ಮಗುವಿಗೆ ಕೊನೆಯಲ್ಲಿ ಬರುತ್ತದೆ. ಅಷ್ಟರಲ್ಲಿ ಚಡ್ಡಿಯ ಹಿಂಬದಿಯ ಒಳಗೆ ಬಣ್ಣದ ದಾರದಲ್ಲಿ ಒಂದು ಗುರುತು ಹೊಲಿದಿಟ್ಟಿರಬೇಕು.